ಕೆಂಪಾದ ಜೀರಿಗೆ

ಹಂದಿಮರಿಯ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂಬುದು ಮರಿ ಸಾಯುವ ಮೊದಲೇ ತಿಳಿಯುವಂತಿದ್ದರೆ? ಸತ್ತ ಮರಿಯನ್ನು ಕುಯ್ದು ನೋಡಿ ಇಂಥ ಕಾಯಿಲೆ ಇತ್ತು ಎಂದು ಹೇಳಿದರೆ ಬರೆಯುವವರಿಗೆ ಒಂದು ಪುಟ ತುಂಬುತ್ತದೆಯೇ ಹೊರತು ಸಾಕಿದವರಿಗೆ ಏನೂ ದಕ್ಕುವುದಿಲ್ಲ. ಡಾಕ್ಟರ್ ಪಾರಿಜಾತ ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಹನ್ನೊಂದು ವರ್ಷ ಕಳೆದಿದ್ದಳು. ಉತ್ತರ ಈಗ ಅವಳ ಅಂಗೈ ಮೇಲಿತ್ತು. ಗಾತ್ರದಲ್ಲಿ ಜೀರಿಗೆ ಕಾಳು, ಬಣ್ಣದಲ್ಲಿ ಅಚ್ಚ ಹಳದಿ. ಸರ್ಕಾರಿ ಕಾಗದಗಳಲ್ಲಿ ಅದಕ್ಕೆ ಎರಡು ಸಾಲಿನ ಹೆಸರಿತ್ತು. ಹಂದಿ ಸಾಕುವವರು ಮೊದಲ ದಿನವೇ ಅದನ್ನು ಜೀರಿಗೆ ಎಂದು ಕರೆದು ಆ ಎರಡು ಸಾಲನ್ನು ಮೂಲೆಗೆ ತಳ್ಳಿದ್ದರು.

ತುಮಕೂರಿನ ಹೊರಗೆ, ಹೆದ್ದಾರಿಯ ಪಕ್ಕ, ‘ಕರುಳು ಕಾವಲು’ ಕೇಂದ್ರದ ಕಾವಲು ಕೋಣೆ ಇತ್ತು. ಗೋಡೆಯಗಲದ ಪರದೆಯ ಮೇಲೆ ಮೂರು ಜಿಲ್ಲೆಗಳ ಹಂದಿಗೂಡುಗಳೆಲ್ಲ ಚುಕ್ಕೆಗಳಾಗಿ ಕಾಣುತ್ತಿದ್ದವು. ಹುಟ್ಟಿದ ಪ್ರತಿ ಮರಿಗೂ ಗಿಣ್ಣುಹಾಲಿನ ಜೊತೆ ಒಂದು ಜೀರಿಗೆ ನುಂಗಿಸಬೇಕು. ಅದು ಸಣ್ಣ ಕರುಳಿನ ಗೋಡೆಗೆ ಅಂಟಿ, ಕರುಳಿನ ಉಪ್ಪುನೀರಿನಿಂದಲೇ ಚಿಟಿಕೆಯಷ್ಟು ವಿದ್ಯುತ್ತು ಮಾಡಿಕೊಂಡು, ನಲವತ್ತು ದಿನ ಸುದ್ದಿ ಕಳಿಸುತ್ತಿತ್ತು. ಮರಿಗೆ ಭೇದಿ ಶುರುವಾದರೆ ಜೀರಿಗೆಗೆ ಮೊದಲು ಗೊತ್ತು, ಕಾವಲು ಕೋಣೆಗೆ ಆಮೇಲೆ, ಸಾಕಿದವರಿಗೆ ಅದರ ಹಿಂದೆಯೇ.

ಭೇದಿ ಎಂದರೆ ಒಂದೇ ಬಗೆಯಲ್ಲ. ಬ್ಯಾಕ್ಟೀರಿಯಾದಿಂದ ಬಂದದ್ದಾದರೆ ಪುಡಿ ಔಷಧಿ ಸಾಕು. ಇಪ್ಪತ್ತು ವರ್ಷದ ಕೆಳಗೆ ಬಂದು ರಾಜ್ಯದ ಅರ್ಧಕ್ಕರ್ಧ ಹಂದಿಗೂಡುಗಳನ್ನು ಬರಿದು ಮಾಡಿದ ವೈರಸ್ಸಿನ ಭೇದಿ ಬೇರೆ. ಸಣ್ಣ ಕರುಳಿನ ಒಳಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಬೆರಳುಗಳಿರುತ್ತವೆ. ಹಾಲಿನ ಸತ್ವ ಹೀರುವುದು ಅವೇ. ವೈರಸ್ಸು ಆ ಬೆರಳುಗಳನ್ನು ಬುಡದವರೆಗೂ ಸವರಿಬಿಡುತ್ತದೆ. ಆಮೇಲೆ ಮರಿ ಎಷ್ಟು ಹಾಲು ಕುಡಿದರೂ ಹೀರುವವರಿಲ್ಲ. ಹಾಲು ಹೊಟ್ಟೆಯಲ್ಲೇ ಹುಳಿತು, ನೀರಾಗಿ, ಹಾಗೇ ಜಾರಿಹೋಗುತ್ತದೆ. ಜನ ಆ ರೋಗವನ್ನು ಹಾಲುಜಾರು ಎಂದೇ ಕರೆಯುತ್ತಿದ್ದರು. ಒಂದು ವಾರದೊಳಗಿನ ಮರಿಗೆ ಬಂದರೆ ಮೂರನೇ ದಿನ ಗುಂಡಿ ತೋಡಬೇಕು. ಅದಕ್ಕೆ ಇದ್ದದ್ದು ಒಂದೇ ಮದ್ದು, ಕೋಳಿಮೊಟ್ಟೆಯ ಹಳದಿಯಿಂದ ತೆಗೆದ ಸೀರಮ್. ಅದನ್ನೂ ಮೊದಲ ದಿನವೇ ಕುಡಿಸಬೇಕು. ಎರಡನೇ ದಿನ ಕುಡಿಸಿದರೆ ನೀರು ಕುಡಿಸಿದಂತೆ.

ಹಾಗಾಗಿ ಜೀರಿಗೆಯ ಮುಖ್ಯ ಕೆಲಸ ಇದು ಯಾವ ಭೇದಿ ಎಂದು ಹೇಳುವುದು. ಅದನ್ನು ಅದು ಹೇಳುತ್ತಿದ್ದದ್ದು ಮೈಮೇಲಿನ ಹಳದಿ ಲೇಪದಿಂದ. ಬ್ಯಾಕ್ಟೀರಿಯಾದ ಭೇದಿಯಲ್ಲಿ ಕರುಳು ಕ್ಷಾರವಾಗುತ್ತದೆ, ಲೇಪ ಕೆಂಪಾಗುತ್ತದೆ. ಹಾಲುಜಾರಿನಲ್ಲಿ ಕರುಳು ಹುಳಿಯಾಗುತ್ತದೆ, ಲೇಪ ಹಳದಿಯಾಗಿಯೇ ಉಳಿಯುತ್ತದೆ. ಭೇದಿ ಶುರುವಾಗಿಯೂ ಹಳದಿ ಉಳಿದರೆ ಮಾತ್ರ ಜೀರಿಗೆ ತನ್ನ ಕಣ್ಣು ತೆರೆದು, ಕರುಳಿನ ಬೆರಳುಗಳನ್ನು ನೋಡಿ, ಚಿತ್ರ ಕಳಿಸಿ, ತನ್ನ ಶಕ್ತಿಯನ್ನೆಲ್ಲ ಅಲ್ಲಿಗೇ ಮುಗಿಸಿಕೊಳ್ಳುತ್ತಿತ್ತು. ಒಮ್ಮೆ ಕೆಂಪಾದ ಲೇಪ ಮತ್ತೆ ಹಳದಿಗೆ ತಿರುಗದಂತೆ ಪಾರಿಜಾತಳೇ ಕೂತು ಬಿಗಿ ಮಾಡಿದ್ದಳು. ಮರಿಯ ಹೊಟ್ಟೆ ಗಳಿಗೆಗೊಂದು ಬಗೆ. ಕಂಡದ್ದನ್ನು ಮರೆಯದ ಸಾಕ್ಷಿ ಬೇಕೆಂಬುದು ಅವಳ ಲೆಕ್ಕಾಚಾರ. ಆ ಬಿಗಿಗೆ ನಾಲ್ಕು ವರ್ಷ ಹಿಡಿದಿತ್ತು, ಅವಳಿಗೆ ಅದರ ಬಗ್ಗೆ ಕೊಂಚ ಜಂಬವೂ ಇತ್ತು.

ಆ ಲೇಪ ಅರಿಶಿನದ್ದು. ಅದು ಎಲ್ಲಿಂದ ಬಂತು ಎಂಬುದಕ್ಕೆ ವರದಿಯ ಹದಿನೇಳನೇ ಪುಟದಲ್ಲಿ ಒಂದೇ ವಾಕ್ಯವಿತ್ತು: ‘ಪ್ರಯೋಗಾಲಯದಲ್ಲಿ ಆಕಸ್ಮಿಕವಾಗಿ ಕಂಡುಬಂದ ಅಂಶ.’ ಅದು ಸುಳ್ಳು. ಅವಳ ತಾಯಿ ಕದಿರಮ್ಮ ನಲವತ್ತು ವರ್ಷದಿಂದ ಹಂದಿಮರಿಗಳ ಹಿಂಭಾಗವನ್ನು ಅರಿಶಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ತುಂಡಿನಿಂದ ಒರೆಸಿ, ಬಣ್ಣ ನೋಡಿ, ಇದು ಉಳಿಯುತ್ತದೆ, ಇದು ಉಳಿಯುವುದಿಲ್ಲ ಎಂದು ಹೇಳುತ್ತ ಬಂದಿದ್ದಳು. ಪಾರಿಜಾತ ಅದನ್ನು ನೋಡಿಯೇ ಬೆಳೆದವಳು. ವರದಿ ಬರೆಯುವಾಗ ಆ ಬಟ್ಟೆಯ ಮಾತು ಬೆರಳ ತುದಿಯವರೆಗೂ ಬಂದು ನಿಂತಿತ್ತು. ಹಂದಿಯ ಕೊಳೆ ಒರೆಸುವ ಬಟ್ಟೆಯನ್ನು ಸಮಿತಿಯ ಮುಂದೆ ಹಿಡಿದರೆ ಯಾರು ಮೂಗು ಮುರಿಯುತ್ತಾರೋ ಎಂದು ಹೆದರಿ ‘ಆಕಸ್ಮಿಕ’ ಎಂದು ಬರೆದುಬಿಟ್ಟಿದ್ದಳು. ಆ ಪದ ಕಣ್ಣಿಗೆ ಬಿದ್ದಾಗಲೆಲ್ಲ ಅವಳಿಗೆ ಕಸಿವಿಸಿಯಾಗುತ್ತಿತ್ತು.

ಆವತ್ತು ಸಂಜೆ ನಾಲ್ಕಕ್ಕೆ ಕೇಂದ್ರದ ಸಭಾಂಗಣದಲ್ಲಿ ಸಹಿಯಾಗಬೇಕಿತ್ತು. ಮೂರು ಜಿಲ್ಲೆಯ ಜೀರಿಗೆ ಇನ್ನು ಇಡೀ ರಾಜ್ಯಕ್ಕೆ. ಪಾರಿಜಾತ ಇಸ್ತ್ರಿ ಮಾಡಿದ ಮೈಸೂರು ರೇಷ್ಮೆ ಉಟ್ಟು ಬಂದಿದ್ದಳು. ಕಾವಲು ಕೋಣೆಯ ರುದ್ರೇಶ ಅವಳನ್ನು ನೋಡಿ, “ಏನ್ ಮೇಡಂ, ಮದುವೆ ನಿಮ್ಮದಾ, ಜೀರಿಗೇದಾ?” ಎಂದು ಕಿಚಾಯಿಸಿ ಇನ್ನೂ ಐದು ನಿಮಿಷ ಆಗಿರಲಿಲ್ಲ. ಅವನ ದನಿ ಬದಲಾಯಿತು.

“ಮೇಡಂ, ಬೋರನಹಟ್ಟಿ.”

ಸಿರಾ ದಾರಿಯಲ್ಲಿರುವ ಬೋರನಹಟ್ಟಿ ಪಾರಿಜಾತಳ ಊರು. ಮೂವತ್ತು ಮನೆಗಳ ಕೊರಮರ ಹಟ್ಟಿ. ಹಾಲುಜಾರು ಬಂದ ವರ್ಷ ಸುತ್ತಲಿನವರೆಲ್ಲ ಹಂದಿ ಬಿಟ್ಟು ಬೇರೆ ದಾರಿ ಹಿಡಿದಾಗ, ಈ ಹಟ್ಟಿಯ ಹೆಂಗಸರು ಏಳು ಕರಿ ಹಂದಿಗಳನ್ನು ಮನೆಯೊಳಗೇ ಕಟ್ಟಿಕೊಂಡು ಉಳಿಸಿದ್ದರು. ಈಗ ನಾಡಿನಲ್ಲಿ ಓಡಾಡುವ ನಾಟಿ ಕರಿ ಹಂದಿಗಳೆಲ್ಲ ಆ ಏಳರ ಮಕ್ಕಳು ಮೊಮ್ಮಕ್ಕಳು. ಆ ವಿಷಯ ಹೇಳುವಾಗ ಹಟ್ಟಿಯ ಯಾರೂ ದನಿ ತಗ್ಗಿಸುವುದಿಲ್ಲ.

“ಎಷ್ಟು?” ಎಂದಳು.

“ಅರವತ್ತಮೂರು ಮರಿ. ಎಲ್ಲಾ ಒಂದು ವಾರದ ಒಳಗಿನವು. ಬೆಳಿಗ್ಗೆಯಿಂದ ಭೇದಿ. ಆದರೆ ಭಯ ಇಲ್ಲ ಮೇಡಂ, ಅರವತ್ತಮೂರೂ ಕೆಂಪು. ಬ್ಯಾಕ್ಟೀರಿಯಾ. ಪುಡಿ ಔಷಧಿ ಹೊತ್ಕೊಂಡು ಡ್ರೋನ್ ಆಗಲೇ ಹೊರಟಿದೆ.”

ಪಾರಿಜಾತ ನಿಟ್ಟುಸಿರು ಬಿಟ್ಟಳು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

“ಪಾರಿ, ನಿನ್ ಜೀರಿಗೆ ಸುಳ್ಳು ಹೇಳ್ತೈತೆ ಕಣೆ,” ಎಂದಳು ಕದಿರಮ್ಮ. ಹೇಗಿದ್ದೀಯ, ಉಂಡೆಯಾ ಎಂಬ ಮಾತೂ ಇಲ್ಲ. “ಪುಡಿ ಕಳಿಸ್ತೀವಿ ಅಂತ ಫೋನ್ನಾಗೆ ಬಂತು. ಪುಡಿ ಯಾತುಕ್ಕೆ? ಇದು ಹಾಲುಜಾರು.”

“ಅವ್ವ, ಅರವತ್ತಮೂರು ಜೀರಿಗೆ ಒಂದೇ ಮಾತು ಹೇಳ್ತಿವೆ. ಎಲ್ಲಾ ಸೇರಿ ಸುಳ್ಳು ಹೇಳ್ತಾವಾ?”

“ಅರವತ್ಮೂರು ಮರೀನೂ ಹಾಲು ಕಕ್ತಾ ಅವೆ, ಅವು ಸುಳ್ಳು ಹೇಳ್ತಾವಾ? ಕಾಡಿಗೆ ನೆನ್ನೆ ಸಂಜೆಯಿಂದ ಮುಸುರೆ ಮುಟ್ಟಿಲ್ಲ. ಅದಕ್ಕೂ ಹೊಟ್ಟೆ ಕೆಟ್ಟೈತೆ. ಬಿಸ್ಲು ಹೊಡೀತಾ ಇದ್ರೂ ಮರಿ ಎಲ್ಲಾ ಚಳಿ ಬಂದಂಗೆ ತಾಯಿ ಮ್ಯಾಲೆ ಗುಡ್ಡೆ ಬಿದ್ದವೆ. ಬಟ್ಟೆ ಒರೆಸಿ ನೋಡ್ದೆ. ಅಂಗೇ ಹಳದೀಗೈತೆ.”

ಕಾಡಿಗೆ ಎಂದರೆ ಕದಿರಮ್ಮನ ದೊಡ್ಡ ಹೆಣ್ಣುಹಂದಿ.

“ಬಟ್ಟೆ ಹಳೇದಿರಬೇಕು ಅವ್ವ.”

“ಬಟ್ಟೆ ಹಳೇದೇ,” ಎಂದಳು ಕದಿರಮ್ಮ. “ನಾನೂ ಹಳಬಳೇ. ನೀನ್ ಬತ್ತೀಯೋ ಇಲ್ಲೋ ಅಷ್ಟು ಹೇಳು.”

ಪಾರಿಜಾತ ಫೋನಿಟ್ಟು ಪರದೆ ನೋಡಿದಳು. ಅರವತ್ತಮೂರು ಕೆಂಪು ಚುಕ್ಕೆ. ಅರಿಶಿನದ ಬಟ್ಟೆ ಹಳದಿ, ಅರಿಶಿನದ ಜೀರಿಗೆ ಕೆಂಪು. ಜೀರಿಗೆ ಆ ಬಟ್ಟೆಯದೇ ಕೂಸು. ತಾಯಿ ಮಗು ಬೇರೆ ಬೇರೆ ಮಾತಾಡುತ್ತಿವೆ, ಇಬ್ಬರೂ ನಿಜ ಹೇಳುತ್ತಿರಲು ಸಾಧ್ಯವಿಲ್ಲ. ಇನ್ನೊಂದು ಸಂಗತಿಯೂ ಅವಳನ್ನು ಕುಟುಕಿತು. ಬ್ಯಾಕ್ಟೀರಿಯಾದ ಭೇದಿ ಇದ್ದರೂ ಅರವತ್ತಮೂರರಲ್ಲಿ ನಾಲ್ಕಾರಾದರೂ ಹಳದಿ ಇರಬೇಕಿತ್ತು. ಜೀವವಿರುವ ಪ್ರಾಣಿಗಳು ಇಷ್ಟು ಅಚ್ಚುಕಟ್ಟಾಗಿ ಒಂದೇ ಸಮ ಕಾಯಿಲೆ ಬೀಳುವುದಿಲ್ಲ.

ನಿರ್ದೇಶಕಿ ಶಕೀಲಾ ಬಾನು ಸಭಾಂಗಣದಲ್ಲಿ ಕುರ್ಚಿ ಹಾಕಿಸುತ್ತಿದ್ದರು. ಅಳೆದು ತೂಗಿ ಮಾತಾಡುವ ಹೆಂಗಸು. ಪಾರಿಜಾತ ಹೇಳಿದ್ದನ್ನೆಲ್ಲ ಕೇಳಿಕೊಂಡರು.

“ಕಾಯಿಲೆಯ ಅನುಮಾನ ಇರೋ ಹಟ್ಟಿಗೆ ಕಾಲಿಟ್ಟರೆ ನಾಲ್ಕು ದಿನ ಹೊರಗೆ ಬರೋ ಹಾಗಿಲ್ಲ. ನಿಯಮ ಮಾಡಿದ್ದು ನೀವೇ.”

“ಗೊತ್ತು ಮೇಡಂ.”

“ನಾಲ್ಕು ಗಂಟೆಗೆ ಸಮಿತಿ ಬರುತ್ತೆ. ಜೀರಿಗೆ ಮಾಡಿದವರೇ ಜೀರಿಗೆ ಮೇಲೆ ನಂಬಿಕೆ ಇಲ್ಲ ಅಂತ ಓಡಿಹೋದರು ಅಂದರೆ ನಾನು ಅವರಿಗೆ ಏನು ಹೇಳಲಿ?”

“ನಮ್ಮವ್ವನ ಮೇಲೆ ನಂಬಿಕೆ ಇದೆ ಅಂತ ಹೇಳಿ,” ಎಂದಳು ಪಾರಿಜಾತ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಹದಿನೇಳನೇ ಪುಟದಲ್ಲಿ ಬರೆಯಲಾಗದ ಮಾತು ಬಾಯಿಂದ ಅಷ್ಟು ಸಲೀಸಾಗಿ ಬಂದಿತ್ತು.

ಶಕೀಲಾ ಬಾನು ಬಾಗಿಲ ಕಡೆ ಕೈ ತೋರಿಸಿದರು. “ಹೋಗಿ. ಆದರೆ ಸೀರಮ್ ಕಳಿಸಬೇಕಾದರೆ ನನಗೆ ಪುರಾವೆ ಬೇಕು. ಇರೋ ಸೀರಮ್ ಎಲ್ಲಾ ಒಂದು ಹಟ್ಟಿಗೆ ಸಾಕಾಗೋಷ್ಟು. ಅಲ್ಲಿಗೆ ಕೊಟ್ಟು, ನಾಳೆ ಇನ್ನೊಂದು ಕಡೆ ನಿಜವಾದ ಹಾಲುಜಾರು ಬಂದರೆ ನಾವಿಬ್ಬರೂ ಮುಖ ತೋರಿಸೋ ಹಾಗಿರಲ್ಲ.”

ಬೋರನಹಟ್ಟಿಯ ಬಾಗಿಲಲ್ಲಿ ಹೆಂಗಸರು ಆಗಲೇ ಬೇಲಿಮುಳ್ಳು ಎಳೆದು ದಾರಿ ಮುಚ್ಚಿದ್ದರು. ಯಾರೂ ಹೇಳಿರಲಿಲ್ಲ. ಇಪ್ಪತ್ತು ವರ್ಷದ ಹಿಂದಿನ ಪಾಠ ಅವರಿಗೆ ಮರೆತಿರಲಿಲ್ಲ. ಪಾರಿಜಾತ ಕಾರು ರಸ್ತೆಯಲ್ಲೇ ಬಿಟ್ಟು, ಕಾಲು ತೊಳೆದು, ಮುಳ್ಳು ಸರಿಸಿ ಒಳಗೆ ಬಂದಳು. ಇನ್ನು ನಾಲ್ಕು ದಿನ ಅವಳೂ ಒಳಗಿನವಳೇ.

“ರೇಷ್ಮೆ ಸೀರೇನಾಗೆ ಹಂದಿಗೂಡಿಗೆ ಬಂದವಳು ನೀನೊಬ್ಳೇ ಇರ್ಬೇಕು,” ಎಂದಳು ಕದಿರಮ್ಮ. ಎಪ್ಪತ್ತರ ಹತ್ತಿರದ, ಬಿದಿರಿನ ಹಾಗೆ ನೆಟ್ಟಗಿರುವ ಮುದುಕಿ. ಬಾಯಿ ತುಂಬ ಎಲೆಯಡಿಕೆ. “ಸೆರಗು ಕಟ್ಕ. ಬಾ.”

ಕಾಡಿಗೆ ಮಗ್ಗುಲಾಗಿ ಬಿದ್ದುಕೊಂಡಿತ್ತು. ಅದರ ಕೊರಳಲ್ಲಿ ಬಾಣಂತಿಗೆ ಕಟ್ಟುವ ಹಾಗೆ ಅರಿಶಿನದ ದಾರ. ಹಟ್ಟಿಯಲ್ಲಿ ಈದ ಹಂದಿಯನ್ನು ಬಾಣಂತಿ ಎಂದೇ ಕರೆಯುತ್ತಾರೆ, ಅದಕ್ಕೆ ಬಿಸಿನೀರೇ ಕೊಡುತ್ತಾರೆ. ಒಂಬತ್ತು ಮರಿಗಳು ಅದರ ಹೊಟ್ಟೆಯ ಮೇಲೆ ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ಒಂದು ಮರಿ ಎದ್ದು ಬಂದು, ಪಾರಿಜಾತಳ ಕಾಲ ಬಳಿ ಗಟ್ಟಿ ಮೊಸರಿನಂಥ ಹಾಲನ್ನು ಕಕ್ಕಿ, ಅಲ್ಲೇ ಕೂತಿತು. ಅವಳಿಗೆ ಇಪ್ಪತ್ತು ವರ್ಷದ ಹಿಂದಿನ ಗುಂಡಿಗಳು ನೆನಪಾದವು.

ಕದಿರಮ್ಮ ಸೊಂಟದ ಚೀಲದಿಂದ ಹಳದಿ ಬಟ್ಟೆಯ ಹೊಸ ತುಂಡು ತೆಗೆದು ಮಗಳ ಕೈಗೆ ಕೊಟ್ಟಳು. “ನೀನೇ ಒರೆಸು. ಆಮ್ಯಾಕೆ ನನ್ ಕೈ ಸರಿ ಇಲ್ಲ ಅನ್ಬ್ಯಾಡ.”

ಪಾರಿಜಾತ ಕೈಗವಸು ಹಾಕಿಕೊಂಡು ಮರಿಯನ್ನು ಎತ್ತಿ ಒರೆಸಿದಳು. ಹಳದಿ. ಇನ್ನೊಂದು ಮರಿ, ಇನ್ನೊಂದು ತುಂಡು. ಹಳದಿ. ಪಕ್ಕದ ಗೂಡಿನಲ್ಲಿ, ಅದರಾಚೆಯ ಗೂಡಿನಲ್ಲಿ, ಹನ್ನೆರಡು ಮರಿಗಳನ್ನು ನೋಡಿದಳು. ಹನ್ನೆರಡೂ ಹಳದಿ. ವಾಸನೆಯೂ ಹುಳಿ. ಇದು ಹಾಲುಜಾರೇ. ಆದರೆ ಜೀರಿಗೆ ಯಾಕೆ ಕೆಂಪು? ಶಕೀಲಾ ಬಾನು ಕೇಳುವ ಮೊದಲ ಪ್ರಶ್ನೆ ಅದೇ. ಗೂಡಿನ ನೆಲ ನೋಡಿದಳು, ಕುಡಿಯುವ ನೀರು ನೋಡಿದಳು, ಮುಸುರೆ ಬಾನಿಯಲ್ಲಿ ಕೈ ಹಾಕಿದಳು. ಏನೂ ಇಲ್ಲ. ಆಗಲೇ ಎರಡೂವರೆ ಗಂಟೆ.

“ಮಾಳಿ ಈಯ್ತಾ ಐತೆ,” ಎಂದು ಯಾರೋ ಕೊನೆಯ ಗೂಡಿನಿಂದ ಕೂಗಿದರು. ಕಾಯಿಲೆ ಬಂತೆಂದು ಹಂದಿಯ ಹೆರಿಗೆ ನಿಲ್ಲುತ್ತದೆಯೇ? ಕದಿರಮ್ಮ ಬಾಯಿಯ ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಗೋಡೆಗೆ ಒರಗಿ ಕೂತು ಹೊಸ ಎಲೆ ತೆಗೆದಳು. ಹೆರಿಗೆ ಮಾಡಿಸುವ ಮುಂಚೆ ಎಲೆ ಹಾಕಿಕೊಳ್ಳುವುದು ಅವಳ ಪದ್ಧತಿ. ತಲೆ ತಂಪಾಗಿರುತ್ತದಂತೆ. ಡಬ್ಬಿಯೊಳಗೆ ತೋರುಬೆರಳು ಅದ್ದಿ, ಎಲೆಯ ಬೆನ್ನಿಗೆ ಸುಣ್ಣ ಸವರಿ, ಮಡಚಿ ಬಾಯಿಗೆ ಹಾಕಿಕೊಂಡಳು. ಬೆರಳನ್ನು ಸೀರೆಗೆ ಒರೆಸಿದಳು. ಎದ್ದು ಹೋಗಿ, ಈಗಷ್ಟೇ ಹುಟ್ಟಿದ, ಇನ್ನೂ ಒದ್ದೆ ಇದ್ದ ಮರಿಯನ್ನು ಎಡಗೈಯಲ್ಲಿ ಹಿಡಿದಳು. ತೋರುಬೆರಳನ್ನು ಗಿಣ್ಣುಹಾಲಿನಲ್ಲಿ ಅದ್ದಿ, ಅದರ ತುದಿಗೆ ಒಂದು ಜೀರಿಗೆ ಅಂಟಿಸಿಕೊಂಡು, ಮರಿಯ ಬಾಯಿಯತ್ತ ಒಯ್ದಳು.

“ಅವ್ವ, ನಿಲ್ಲು.”

ಪಾರಿಜಾತ ಆ ಕೈಯನ್ನು ಗಪ್ಪನೆ ಹಿಡಿದಳು. ಬೆರಳ ತುದಿಯಲ್ಲಿ, ಉಗುರ ಸಂದಿನ ಸುಣ್ಣಕ್ಕೆ ತಾಗಿ, ಹಳದಿ ಜೀರಿಗೆ ಅವಳ ಕಣ್ಣೆದುರಿಗೇ ಕೆಂಪಾಗುತ್ತಿತ್ತು. ಆರತಿ ತಟ್ಟೆಯ ನೀರಿನ ಹಾಗೆ ಕೆಂಪು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಎಂಬುದು ಈ ನಾಡಿನಲ್ಲಿ ಮದುಮಕ್ಕಳ ಎದುರು ಆರತಿ ಹಿಡಿದು ನಿಂತ ಪ್ರತಿ ಹುಡುಗಿಗೂ ಗೊತ್ತು. ಹನ್ನೊಂದು ವರ್ಷ ಅರಿಶಿನದ ಮೇಲೆಯೇ ಕೂತ ಡಾಕ್ಟರಿಗೆ ಹೊಳೆದಿರಲಿಲ್ಲ.

“ಎಲ್ಲಾ ಮರಿಗೂ ಹಿಂಗೇ ಕೊಟ್ಟಿದ್ದಾ ಅವ್ವ? ಬೆರಳಲ್ಲಿ?”

“ಇನ್ನೆಂಗೆ ಕೊಡ್ತಾರೆ? ನಾನು, ಸಣ್ಣೀರಕ್ಕ, ಓಬಕ್ಕ, ಮೂರೇ ಜನ ಕೊಡಾದು. ಕೂಸಿಗೆ ಕೈಯಾಗೆ ಕೊಡ್ಬೇಕು.”

“ಜೀರಿಗೆ ಜೊತೆ ಚಿಮುಟ ಕಳ್ಸಿದ್ವಲ್ಲ?”

“ಎಳೇ ಬಾಯಿಗೆ ಕಬ್ಬಿಣ ಇಕ್ತಾರೇನೆ?” ಎಂದಳು ಕದಿರಮ್ಮ ಸಿಡುಕಿ. “ನಿಂಗೂ ಇದೇ ಬೆಳ್ಳಾಗೆ ಬೆಣ್ಣೆ ನೆಕ್ಸಿದ್ದು. ನೀನೇನು ಕೆಂಪಾದ್ಯಾ?”

ಸಣ್ಣೀರಕ್ಕ, ಓಬಕ್ಕ ಇಬ್ಬರ ಬಾಯಲ್ಲೂ ಎಲೆಯಡಿಕೆ. ಪಾರಿಜಾತಳಿಗೆ ನಗು ಬಂತು, ಅದರ ಬೆನ್ನಿಗೇ ಸಂಕಟವಾಯಿತು. ಮೂರು ಜಿಲ್ಲೆಯ ಒಂದೊಂದು ಹಟ್ಟಿಗೂ ಹೋಗಿ ಕೈಗವಸು ಹಾಕುವುದು, ಚಿಮುಟ ಹಿಡಿಯುವುದು ಎಲ್ಲ ಅವಳೇ ಕಲಿಸಿ ಬಂದಿದ್ದಳು. ಬೋರನಹಟ್ಟಿಗೆ ಮಾತ್ರ ಹೋಗಿರಲಿಲ್ಲ. ನಮ್ಮವರಿಗೆ ಹಂದಿಮರಿ ಹಿಡಿಯುವುದನ್ನು ನಾನು ಕಲಿಸಬೇಕೆ ಎಂದು ಹೆಮ್ಮೆಯಿಂದ ಡಬ್ಬಿಗಳನ್ನಷ್ಟೇ ಕಳಿಸಿಕೊಟ್ಟಿದ್ದಳು. ತಪ್ಪು ಅವ್ವನ ಬೆರಳಿನದಲ್ಲ, ಆ ಹೆಮ್ಮೆಯದು.

ಅವಳು ಕಾವಲು ಕೋಣೆಗೆ ಫೋನು ಮಾಡಿದಳು. “ರುದ್ರೇಶ, ಬೋರನಹಟ್ಟಿ ಜೀರಿಗೆಗಳು ಕೆಂಪಾದ ಹೊತ್ತು ನೋಡು. ಭೇದಿ ಶುರುವಾದ ಹೊತ್ತಲ್ಲ, ಕೆಂಪಾದ ಹೊತ್ತು.”

ಭೇದಿಯ ಸುದ್ದಿ ಬರುವವರೆಗೂ ಬಣ್ಣ ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ. ರುದ್ರೇಶ ಹುಡುಕಿದ. “ಅರೆ, ಮೇಡಂ, ಇವೆಲ್ಲ ನುಂಗಿದ ನಿಮಿಷಕ್ಕೇ ಕೆಂಪಾಗಿವೆ. ಐದು ದಿನದ ಹಿಂದೆ, ನಾಲ್ಕು ದಿನದ ಹಿಂದೆ. ಮರಿ ಚೆನ್ನಾಗೇ ಇದ್ದಾಗಲೇ ಕೆಂಪು.”

“ಶಕೀಲಾ ಮೇಡಂಗೆ ಕೊಡು.”

“ಮೇಡಂ ಸಭಾಂಗಣದಲ್ಲಿದಾರೆ. ಸಮಿತಿಯವರು ಬೇಗ ಬಂದುಬಿಟ್ಟರು.”

“ಅಲ್ಲಿಗೇ ಕೊಡು. ಎಲ್ಲರೂ ಕೇಳಲಿ.”

ಸಭಾಂಗಣದ ಪರದೆಯ ಮೇಲೆ ಪಾರಿಜಾತ ಕಂಡಾಗ ಅವಳ ರೇಷ್ಮೆ ಸೀರೆ ಮಂಡಿಗೆ ಏರಿತ್ತು, ಹೆಗಲ ಮೇಲೆ ಮರಿ ಕಕ್ಕಿದ ಹಾಲಿತ್ತು. ಹಿಂದೆ ಕಾಡಿಗೆ ಮಲಗಿತ್ತು. ಕದಿರಮ್ಮ ಒಂದು ಪಕ್ಕ ನಿಂತು ಎಲೆ ಅಗಿಯುತ್ತಿದ್ದಳು. ಪಾರಿಜಾತ ನಡೆದದ್ದನ್ನು ಒಂದೊಂದಾಗಿ ಹೇಳಿದಳು. ಬೆರಳು, ಸುಣ್ಣ, ಜೀರಿಗೆ ಕೆಂಪಾದದ್ದು, ತಾನು ಮಾಡಿದ ಬಿಗಿಯಿಂದಾಗಿ ಅದು ಮತ್ತೆ ಹಳದಿಗೆ ಬಾರದೆ ಹೋದದ್ದು. “ಕೆಂಪಾಗಿದ್ದರಿಂದ ಅವು ಕಣ್ಣು ತೆರೆಯಲಿಲ್ಲ. ಈಗ ನೀವು ಇಲ್ಲಿಂದ ಅಪ್ಪಣೆ ಕೊಟ್ಟರೆ ತೆರೆಯುತ್ತವೆ.”

ಸಮಿತಿಯ ಹಿರಿಯರೊಬ್ಬರು ಕೇಳಿದರು. “ಕಣ್ಣು ತೆರೆದರೆ ಜೀರಿಗೆ ಮುಗೀತಲ್ಲ? ಅರವತ್ತಮೂರೂ ಕುರುಡಾಗುತ್ತವೆ. ಒಳಗೆ ಎಲ್ಲಾ ಸರಿ ಇದ್ದರೆ?”

“ಸರಿ ಇದ್ದರೆ ನಾನು ತಪ್ಪು, ಜೀರಿಗೆಯೂ ದಂಡ. ಇವತ್ತಿನ ಸಹಿ ಬೇಡವೇ ಬೇಡ.”

“ನಿಮ್ಮ ಅನುಮಾನಕ್ಕೆ ಆಧಾರ ಒಂದು ಬಟ್ಟೆ ತುಂಡು.”

ಪಾರಿಜಾತ ಫೋನನ್ನು ಮುಖದ ಹತ್ತಿರ ಹಿಡಿದಳು. “ಜೀರಿಗೆಗೂ ಆಧಾರ ಅದೇ ಸರ್. ವರದಿಯ ಹದಿನೇಳನೇ ಪುಟದಲ್ಲಿ ಆಕಸ್ಮಿಕ ಅಂತ ಬರೆದಿದ್ದೀನಿ. ಅದು ಸುಳ್ಳು. ಆ ಲೇಪ ನಾನು ಕಂಡುಹಿಡಿದಿದ್ದಲ್ಲ. ನಮ್ಮವ್ವ ಕದಿರಮ್ಮ ನಲವತ್ತು ವರ್ಷದಿಂದ ಅರಿಶಿನದ ಬಟ್ಟೆಯಲ್ಲಿ ಹಂದಿಮರಿ ಒರೆಸಿ ರೋಗ ಹೇಳ್ತಾಳೆ. ನಾನು ಆ ಬಟ್ಟೆಯನ್ನ ಜೀರಿಗೆ ಗಾತ್ರಕ್ಕೆ ಇಳಿಸಿದೆ, ಅಷ್ಟೆ. ಹೇಳೋಕೆ ನಾಚಿಕೆಪಟ್ಟೆ. ಇವತ್ತು ಜೀರಿಗೆ ತಪ್ಪಿತು, ಬಟ್ಟೆ ತಪ್ಪಲಿಲ್ಲ.”

ಕದಿರಮ್ಮ ಅಗಿಯುವುದನ್ನು ನಿಲ್ಲಿಸಿದಳು. ಹದಿನೇಳನೇ ಪುಟದ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ.

ಶಕೀಲಾ ಬಾನು ಸಮಿತಿಯ ಕಡೆ ನೋಡಲಿಲ್ಲ. “ರುದ್ರೇಶ, ತೆರೆಸಿ,” ಎಂದರು.

ಚಿತ್ರಗಳು ಒಂದೊಂದಾಗಿ ಬಂದವು. ಪಾರಿಜಾತಳ ಫೋನಿನಲ್ಲೂ ಬಂದವು. ಹಟ್ಟಿಯ ಹೆಂಗಸರು ಸುತ್ತ ನೆರೆದು ಇಣುಕಿದರು. ಆರೋಗ್ಯದ ಕರುಳು ತೆನೆ ತುಂಬಿದ ರಾಗಿ ಹೊಲದ ಹಾಗೆ ಕಾಣಬೇಕಿತ್ತು. ಇಲ್ಲಿ ಕುರಿಹಿಂಡು ಮೇದುಹೋದಂತೆ ಬರೀ ಕೂಳೆ. ಹತ್ತನೇ ಚಿತ್ರಕ್ಕೆ ಬರುವಷ್ಟರಲ್ಲಿ ಸಮಿತಿಯವರು ಎದ್ದು ಪರದೆಯ ಹತ್ತಿರ ಬಂದಿದ್ದರು. ಅರವತ್ತಮೂರರಲ್ಲಿ ಐವತ್ತೆಂಟು ಹೊಲ ಮೇದಾಗಿತ್ತು. ಉಳಿದ ಐದರಲ್ಲಿ ಮೇಯುವುದು ಈಗಷ್ಟೇ ಶುರುವಾಗಿತ್ತು.

“ಹಾಲುಜಾರು,” ಎಂದರು ಶಕೀಲಾ ಬಾನು. “ಸೀರಮ್ ಎಲ್ಲಾ ಕಳಿಸಿ. ಈಗಲೇ.”

ಮೂರೂ ಮುಕ್ಕಾಲಿಗೆ ಡ್ರೋನು ಬೋರನಹಟ್ಟಿಯ ಬಯಲಿನಲ್ಲಿ ಇಳಿಯಿತು. ಹೆಂಗಸರು ಬೂದಿ ಹಚ್ಚಿ ಕೈ ತೊಳೆದು, ಉಗುರ ಸಂದನ್ನೂ ಉಜ್ಜಿ, ಸಾಲಾಗಿ ಕೂತರು. ಮರಿಗೊಂದು ಗುಟುಕು. ಗಂಟೆಗೊಮ್ಮೆ ಉಪ್ಪು ಸಕ್ಕರೆ ನೀರು. ಬಾಣಂತಿಯರ ಗೂಡಿಗೆ ಕಂಬಳಿ. ಪಾರಿಜಾತ ಯಾರಿಗೂ ಏನೂ ಹೇಳಿಕೊಡಬೇಕಾಗಲಿಲ್ಲ, ಕೈಗವಸು ಒಂದು ಬಿಟ್ಟು. ಅದನ್ನು ಕದಿರಮ್ಮ ಹಾಕಿಕೊಂಡು ಕೈ ತಿರುಗಿಸಿ ನೋಡಿ, “ಇದ್ರಾಗೆ ಎಲೆ ಮಡ್ಚಾಕೆ ಆಗ್ತೈತಾ?” ಎಂದು ಕೇಳಿದಳು.

ಎರಡನೇ ದಿನ ಐದು ಮರಿ ಹೋದವು, ಮೂರನೇ ದಿನ ಎರಡು. ನಾಲ್ಕನೇ ದಿನ ಬೆಳಿಗ್ಗೆ ಕಾಡಿಗೆ ತಾನಾಗಿಯೇ ಎದ್ದು ಬಾನಿಗೆ ಮೂತಿ ಹಾಕಿತು. ಅದರ ಒಂಬತ್ತು ಮರಿಗಳಲ್ಲಿ ಎಂಟು ಮೊಲೆಗಾಗಿ ಒಂದನ್ನೊಂದು ತಳ್ಳಾಡುತ್ತಿದ್ದವು. ಇಪ್ಪತ್ತು ವರ್ಷದ ಕೆಳಗೆ ಹಾಲುಜಾರು ಹೊಕ್ಕ ಗೂಡಿನಲ್ಲಿ ಒಂದು ಮರಿಯೂ ಉಳಿದಿರಲಿಲ್ಲ. ಈ ಸಲ ಐವತ್ತಾರು ಉಳಿದವು, ರೋಗ ಮುಳ್ಳುಬೇಲಿ ದಾಟಲಿಲ್ಲ. ಪಾರಿಜಾತ ಆ ಬೆಳಿಗ್ಗೆ ಗೂಡಿನ ಕಟ್ಟೆಯ ಮೇಲೆ ಕೂತು ತಾಯಿಯ ಕೈಯ ರೊಟ್ಟಿ ತಿಂದಳು. ಇಷ್ಟು ಹಗುರಾಗಿ ಅವಳು ಉಂಡು ಬಹಳ ದಿನವಾಗಿತ್ತು.

ಮರುದಿನ ನಾಲ್ಕು ದಿನದ ಗಡುವು ಮುಗಿದು, ಹತ್ತು ಗಂಟೆಗೆ ಶಕೀಲಾ ಬಾನು ತಾವೇ ಬಂದರು. ಆವತ್ತು ಸಂಜೆ ಸಹಿ ಆಗಿರಲಿಲ್ಲ. ಸಮಿತಿ ಮೂರು ದಿನ ಚರ್ಚೆ ಮಾಡಿ, ಜೀರಿಗೆ ರಾಜ್ಯಕ್ಕೆಲ್ಲ ಹೋಗಲಿ ಎಂದು ಒಪ್ಪಿತ್ತು. ಮೂರು ಷರತ್ತು ಹಾಕಿತ್ತು. ಜೀರಿಗೆಯ ಪ್ರತಿ ಡಬ್ಬಿಯಲ್ಲೂ ಹತ್ತು ತುಂಡು ಅರಿಶಿನದ ಬಟ್ಟೆ ಇರಬೇಕು. ಎರಡರ ಮಾತು ಬೇರೆಯಾದರೆ ಕಣ್ಣು ತೆರೆಸಿಯೇ ತೀರ್ಮಾನಿಸಬೇಕು. ಡಬ್ಬಿಯ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಬೇಕು: ‘ಎಲೆಯಡಿಕೆ ಹಾಕಿದ ಕೈಯಲ್ಲಿ ಮುಟ್ಟಬಾರದು.’

“ಇದು ನಂಗೇ ಬರ್ದಿರಾದು,” ಎಂದಳು ಕದಿರಮ್ಮ ಓದಿಸಿ ಕೇಳಿಕೊಂಡು. ಅವಳಿಗೆ ಬೇಸರವೇನೂ ಆದಂತಿರಲಿಲ್ಲ.

ಮುಳ್ಳು ಸರಿಸಿ ಒಳಗೆ ಬಂದ ಶಕೀಲಾ ಬಾನು ಕೈ ಚಾಚಿದರು. ಕದಿರಮ್ಮ ತನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. “ತಡೀರಿ ತಾಯಿ, ಕೈಯಾಗೆ ಸುಣ್ಣ ಐತೆ. ತೊಳ್ಕಂಡ್ ಬತ್ತೀನಿ.”

“ಇರಲಿ ಬಿಡಿ ಅಮ್ಮ. ನಮ್ಮಮ್ಮಿ ಕೈಯೂ ಹೀಗೇ ಇರ್ತಿತ್ತು. ನಾನೇನು ಜೀರಿಗೇನಾ, ಕೆಂಪಾಗೋಕೆ?” ಎಂದು ಶಕೀಲಾ ಬಾನು ಆ ಕೈಯನ್ನು ಎಳೆದುಕೊಂಡು ಎರಡೂ ಕೈಯಲ್ಲಿ ಹಿಡಿದರು.

ಆಮೇಲೆ ವರದಿ ತೆಗೆದು ಹದಿನೇಳನೇ ಪುಟ ಬಿಡಿಸಿದರು. ಆ ಪುಟ ಹೊಸದಾಗಿ ಬರೆಯಬೇಕಿತ್ತು. ಪಾರಿಜಾತ ರಾತ್ರಿಯೇ ಬರೆದಿಟ್ಟಿದ್ದಳು. ಗೂಡಿನ ಮುಂದೆ ನಿಂತು, ಹಟ್ಟಿಯವರೆಲ್ಲ ಕೇಳುವ ಹಾಗೆ ಓದಿದಳು. “ಈ ಲೇಪದ ಮೂಲ, ಬೋರನಹಟ್ಟಿಯ ಕದಿರಮ್ಮನವರ ಅರಿಶಿನದ ಬಟ್ಟೆ. ವೃತ್ತಿ, ಹಂದಿ ಸಾಕಣೆ. ಹಂದಿಮರಿಗಳ ಕರುಳಿನ ರೋಗವನ್ನು ಈ ಬಟ್ಟೆಯಿಂದ ಮೊದಲು ಗುರುತಿಸಿದವರು ಅವರೇ.”

ಸಣ್ಣೀರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕದಿರಮ್ಮ ಮಾತ್ರ ತಲೆ ಅಡ್ಡ ಆಡಿಸಿದಳು. “ಅದೂ ಸುಳ್ಳೇ.”

ಪಾರಿಜಾತಳ ಮುಖ ಪೆಚ್ಚಾಯಿತು. “ಯಾಕವ್ವ?”

“ಮೊದ್ಲು ಒರೆಸಿದ್ದು ಹಂದಿಮರೀಗಲ್ಲ. ನೀನು ಮೂರು ತಿಂಗ್ಳು ಕೂಸು. ಭೇದಿ ನಿಲ್ಲಾಕಿಲ್ಲ. ಆಸ್ಪತ್ರೆ ದೂರ. ತೊಟ್ಲಿಗೆ ಕಟ್ಟಿದ್ದ ಅರಿಶಿನದ ಸೀರೆ ಹರ್ದು ನಿನ್ನೇ ಒರೆಸ್ದೆ. ಕೆಂಪಾತು. ಒಂದ್ ದಿನ ಅಲ್ಲ, ಮೂರ್ ದಿನ ಒರೆಸ್ದಂಗೆಲ್ಲಾ ಕೆಂಪಾತು. ನಾಕನೇ ದಿನ ಹಳದೀಗೇ ಉಳೀತು, ನೀನು ಮೊಲೆ ಕುಡ್ದೆ. ಆಗ್ಲೇ ನಂಗೆ ಗೊತ್ತಾಗಿದ್ದು, ಹೊಟ್ಟೆ ಒಳಗಿನ ಸುದ್ದಿ ಈ ಬಟ್ಟೆ ಹೇಳ್ತೈತೆ ಅಂತ. ಹಂದಿಗೆ ಒರೆಸಿದ್ದು ಆಮ್ಯಾಕೆ.”

ಓಬಕ್ಕ ಕಿಸಕ್ಕೆಂದಳು, ಇಡೀ ಹಟ್ಟಿ ನಕ್ಕಿತು. ಶಕೀಲಾ ಬಾನು ಕನ್ನಡಕ ತೆಗೆದು ಬೇರೆ ಕಡೆ ನೋಡಿದರು.

“ಅದನ್ನೂ ಬರೀಬೇಕಾ ಅವ್ವ?” ಎಂದಳು ಪಾರಿಜಾತ.

“ಬರಿ,” ಎಂದಳು ಕದಿರಮ್ಮ, ಸೊಂಟದ ಚೀಲದಿಂದ ಎಲೆ ತೆಗೆಯುತ್ತ. “ಇದ್ದದ್ದು ಬರಿಯಾಕೆ ಏನು ನಾಚ್ಕೆ?”

ಪಾರಿಜಾತ ಪುಟವನ್ನು ಕಟ್ಟೆಯ ಮೇಲಿಟ್ಟುಕೊಂಡು, ‘ಹಂದಿಮರಿಗಳ’ ಎಂಬ ಪದದ ಹಿಂದೆ ಜಾಗ ಮಾಡಿ, ‘ಮೊದಲು ತಮ್ಮ ಮಗಳ, ಆಮೇಲೆ’ ಎಂದು ಸೇರಿಸಿದಳು.